ಲೇಪದ ಕೆಳಗಿನ ಜಂಗು

"ನಮ್ಮದು ಬಿಸಿಲ ಸೀಮಿ ರೀ, ಮಂಗಳೂರಿನಂಗ ಇಲ್ಲಿ ಗಾಡಿಗೆ ಜಂಗು ಹಿಡಿಯೂದಿಲ್ಲ." ವಿಜಯಪುರ ಜಿಲ್ಲೆಯಲ್ಲಿ ಈ ಮಾತನ್ನು ನಂಬಿದವರು ಬಹಳ. ಪೂರ್ತಿ ಸುಳ್ಳು ಎನ್ನುವ ಹಾಗೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮಳೆ ಕಡಿಮೆ, ಗಾಳಿಯಲ್ಲಿ ಕಡಲಿನ ಉಪ್ಪಿಲ್ಲ. ಮಡ್‌ಗಾರ್ಡು, ಸೈಲೆನ್ಸರುಗಳು ಕರಾವಳಿಯ ಗಾಡಿಗಳಿಗಿಂತ ಹೆಚ್ಚು ವರ್ಷ ಬಾಳುತ್ತವೆ. ಆದರೆ ಪೆಟ್ರೋಲ್ ಟ್ಯಾಂಕಿನ ಒಳಗಿನ ಹವೆಯೇ ಬೇರೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲದ ಜಾಗವೆಲ್ಲ ಗಾಳಿಯ ಪಾಲು. ಹಗಲಿನ ಕಾವಿಗೆ ಆ ಗಾಳಿ ಹಿಗ್ಗಿ ಮುಚ್ಚಳದ ಸಣ್ಣ ತೂತಿನಿಂದ ಹೊರಬೀಳುತ್ತದೆ. ರಾತ್ರಿ ತಣ್ಣಗಾದಾಗ ಹೊಸ ಗಾಳಿ ತೇವ ಹೊತ್ತು ಒಳಬರುತ್ತದೆ. ಬಿಳಿಜೋಳದ ಹೊಲದ ಮೇಲೆ ಇಬ್ಬನಿ ಕೂರುವ ಚಳಿಗಾಲದ ರಾತ್ರಿಗಳಲ್ಲಿ ತಗಡಿನ ಒಳಮೈಯಲ್ಲೂ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಇಳಿದು ತಳ ಸೇರುತ್ತದೆ. ಪೆಟ್ರೋಲ್ ಕಾಕ್‌ನ ಕೊಳವೆ ತಳದಿಂದ ತುಸು ಮೇಲೆ ನಿಂತಿರುವುದರಿಂದ ಆ ನೀರು ಎಂಜಿನ್‌ಗೂ ಹೋಗದೆ, ಹೊರಗೂ ಬಾರದೆ ಅಲ್ಲೇ ಕೂರುತ್ತದೆ. ಟ್ಯಾಂಕಿಗೆ ಮೊದಲ ಸೂಜಿತೂತು ಬೀಳುವುದು ಹೆಚ್ಚಾಗಿ ತಳದ ಮೂಲೆಯಲ್ಲೋ ಕಾಕ್‌ನ ಸುತ್ತಲೋ. ಕಾರಣ ಇದೇ.

ಈ ಸೀಮೆಯಲ್ಲಿ ಇನ್ನೂ ಒಂದು ಕಾರಣ ಸೇರುತ್ತದೆ. ಗೋವಾ, ಪುಣೆ, ಮಂಗಳೂರಿಗೆ ಗುಳೆ ಹೋದ ಮನೆಗಳ ಮುಂದೆ ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. "ಪೆಟ್ರೋಲ್ ಸುಮ್ನ ಆರಿ ಹೋಗ್ತದ" ಎಂದು ಟ್ಯಾಂಕನ್ನು ತಳ ಕಾಣುವಷ್ಟು ಬರಿದು ಮಾಡಿ ಹೋಗುವುದು ರೂಢಿ. ಆಗಬೇಕಾದದ್ದು ಇದಕ್ಕೆ ತಿರುವುಮುರುವು. ಮೂರ್ನಾಲ್ಕು ತಿಂಗಳ ಮಾತಾದರೆ ಕಂಠದವರೆಗೆ ತುಂಬಿಸಿ ಹೋಗಬೇಕು. ಗಾಳಿಗೆ ಜಾಗವಿಲ್ಲದಿದ್ದರೆ ಹನಿಗೂ ಜಾಗವಿಲ್ಲ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಪೂರ್ತಿ ಬಸಿದು, ಒಳಗೆಲ್ಲ ಎಣ್ಣೆ ಸವರುವಂತೆ ಹೊರಳಿಸಿ ಇಡಬೇಕು. ತಳದಲ್ಲಿ ಎರಡು ಲೋಟ ಪೆಟ್ರೋಲ್ ಬಿಟ್ಟು ಹೋಗುವುದು ಎರಡಕ್ಕಿಂತಲೂ ಕೆಟ್ಟದ್ದು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದಂಥ ಹೊತ್ತಿನಲ್ಲಿ ಮುಳುಗಿದ ಗಾಡಿಯ ಕತೆಯಂತೂ ಬೇರೆಯೇ. ಎಂಜಿನ್ ಆಯಿಲ್ ಬದಲಿಸಿ ಟ್ಯಾಂಕನ್ನು ಮರೆತರೆ ಕೆಲವೇ ತಿಂಗಳಲ್ಲಿ ಕಾರ್ಬೊರೇಟರ್‌ಗೆ ಕೆಂಪು ಪುಡಿ ಇಳಿಯುತ್ತದೆ.

ಇಲ್ಲಿಂದ ಮುಂದೆ ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಬರುತ್ತದೆ: ಜಂಗಿನ ಮೇಲೆ ಸೀಲರ್ ಸುರಿದುಬಿಟ್ಟರೆ ಕೆಲಸ ಮುಗಿಯಿತು. ಸೀಲರ್ ಎಂದರೆ ಟ್ಯಾಂಕಿನೊಳಗೆ ಹೊಯ್ದು, ಹೊರಳಿಸಿ, ಒಣಗಲು ಬಿಡುವ ಪ್ಲಾಸ್ಟಿಕ್ ಥರದ ಲೇಪ. ಅದು ಹಿಡಿದು ನಿಲ್ಲಬೇಕಾದದ್ದು ಉಕ್ಕಿನ ತಗಡನ್ನು. ಜಂಗು ಪುಡಿಪುಡಿಯಾದ ಪದರ. ಲೇಪ ಆ ಪದರಕ್ಕೆ ಅಂಟುತ್ತದೆ, ಪದರವೇ ತಗಡನ್ನು ಬಿಟ್ಟಿರುತ್ತದೆ. ಸೋರುವ ಗೋಡೆಗೆ ಸುಣ್ಣ ಹೊಡೆದಂತೆ ಕೆಲವು ದಿನ ಚೆಂದ ಕಾಣುತ್ತದೆ, ಅಷ್ಟೇ. ಲೇಪದ ಒಂದೇ ಒಂದು ಬಿರುಕಿನಿಂದ ನೀರು ಒಳಹೊಕ್ಕರೆ ಅದು ಆರಲು ದಾರಿಯಿಲ್ಲ. ಬರಿ ತಗಡಿನ ಟ್ಯಾಂಕಿಗಿಂತ ಬಿರುಕು ಬಿಟ್ಟ ಸೀಲರಿನ ಟ್ಯಾಂಕ್ ಬೇಗ ತೂತಾಗುವುದು ಹೀಗೆ. ಆಮೇಲೆ ಲೇಪ ಹಪ್ಪಳಿಕೆಯಾಗಿ ಎದ್ದು ಪೆಟ್ರೋಲ್ ಕಾಕ್‌ನ ಬಲೆಗೆ ಅಡ್ಡ ಕೂರುತ್ತದೆ. ಸವಾರ ಸ್ಪಾರ್ಕ್ ಪ್ಲಗ್ ಬದಲಿಸುತ್ತಾನೆ, ಕಾಯಿಲ್ ಬದಲಿಸುತ್ತಾನೆ, ಗಾಡಿ ಮಾತ್ರ ನಾಲ್ಕು ಕಿಲೋಮೀಟರ್ ಓಡಿ ಮತ್ತೆ ನಿಲ್ಲುತ್ತದೆ.

ಅದಕ್ಕೇ ಕೆಲಸದ ಕ್ರಮ ಮುಖ್ಯ. ಹಳೆ ಸೀಲರ್ ಮೊದಲು, ಜಂಗು ಆಮೇಲೆ. ಆ್ಯಸಿಡ್ ಲೇಪವನ್ನು ಕರಗಿಸದು, ಅದರ ಕೆಳಗಿನ ಜಂಗನ್ನು ಮುಟ್ಟಲೂ ಆಗದು. ಲೇಪವಿದ್ದ ಟ್ಯಾಂಕಿಗೆ ನೇರ ಆ್ಯಸಿಡ್ ಹೊಯ್ದು "ಔಷಧ ನಡಿಯಂಗಿಲ್ಲ" ಎನ್ನುವವರು ಔಷಧವನ್ನು ದೂರುವುದರಲ್ಲಿ ಅರ್ಥವಿಲ್ಲ.

ಪೇಂಟ್ ಅಂಗಡಿಯ ಥಿನ್ನರ್ ಎಲ್ಲ ಸೀಲರನ್ನೂ ಕರಗಿಸುತ್ತದೆ ಎಂಬುದೂ ಅರ್ಧಸತ್ಯ. ರಬ್ಬರಿನಂತೆ ಬಾಗುವ ಕೆಲವು ಹಳೆ ಲೇಪಗಳು ಅಸಿಟೋನ್ ಅಥವಾ ಎಂಇಕೆ ದ್ರಾವಕಕ್ಕೆ ಮೆತ್ತಗಾಗಿ ಕಳಚುತ್ತವೆ. ಎಪಾಕ್ಸಿ ಜಾತಿಯವು ಹಾಗಲ್ಲ. ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಈ ಲೇಪ ಒಮ್ಮೆ ಬಲಿತ ಮೇಲೆ ಮತ್ತೆ ಕರಗದು, ಹೆಚ್ಚೆಂದರೆ ಉಬ್ಬಿ ಬಿರಿಯುತ್ತದೆ. ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಟ್ಯಾಂಕಿನಿಂದ ಒಂದು ಹಪ್ಪಳಿಕೆ ತೆಗೆದು, ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಅದರಲ್ಲಿ ಒಂದು ರಾತ್ರಿ ನೆನೆಸಬೇಕು. ಬೆಳಿಗ್ಗೆ ಅಂಟಾಗಿದ್ದರೆ ಟ್ಯಾಂಕಿಗೂ ಅದೇ ಸಾಕು: ಒಂದೆರಡು ಲೀಟರ್ ಹಾಕಿ, ಒಂದೊಂದು ಮಗ್ಗುಲಿಗೆ ಕೆಲವು ತಾಸು ಮಲಗಿಸಿ, ಬಸಿದು, ಮತ್ತೆ ಹೊಸದು ಹಾಕುವುದು. ಹಪ್ಪಳಿಕೆ ಗಾಜಿನಂತೆ ಗಟ್ಟಿಯಾಗಿಯೇ ಉಳಿದಿದ್ದರೆ ಲೀಟರ್‌ಗಟ್ಟಲೆ ಅಸಿಟೋನ್ ಕೊಂಡು ಪ್ರಯೋಜನವಿಲ್ಲ. ಒಂದು ಹನಿ ಅಸಿಟೋನ್ ಹೊರಗಿನ ಪೇಂಟಿನ ಮೇಲೆ ಬಿದ್ದರೂ ಕಲೆ ಖಚಿತ. ಮುಚ್ಚಳದ ರಬ್ಬರ್ ವಾಷರೂ ಅದಕ್ಕೆ ಉಬ್ಬಿ ಕೆಡುತ್ತದೆ.

ಎಪಾಕ್ಸಿ ಏಳಿಸಲು ಬಳಸುವುದು ಡೈಕ್ಲೋರೋಮೀಥೇನ್ ಇರುವ ಪೇಂಟ್ ರಿಮೂವರ್. "ಇದು ಬೆಂಕಿ ಹತ್ತೋ ಮಾಲಲ್ಲ, ಹೆದರಿಕಿ ಇಲ್ಲ" ಎಂಬ ಸಮಾಧಾನ ಅದರ ಬಗ್ಗೆ ಇದೆ. ಬೆಂಕಿಯ ಮಟ್ಟಿಗೆ ಅದು ಪೆಟ್ರೋಲಿನಂತಲ್ಲ ನಿಜ. ಆದರೆ ಅದರ ಆವಿ ಉಸಿರಿನೊಡನೆ ಮೈಗೆ ಸೇರಿದಾಗ ದೇಹವೇ ಅದನ್ನು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಅಮೆರಿಕದಲ್ಲಿ ಮುಚ್ಚಿದ ಸ್ನಾನದ ಕೋಣೆಗಳಲ್ಲಿ ಹಳೆ ಲೇಪ ತೆಗೆಯುತ್ತಿದ್ದ ಕೆಲಸಗಾರರು ಇದರಿಂದ ಸತ್ತಿದ್ದಾರೆ. 2019ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಈ ರಿಮೂವರನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಷೇಧಿಸಿತು. ಶಟರ್ ಅರ್ಧ ಇಳಿಸಿದ ಗ್ಯಾರೇಜಿನಲ್ಲಿ ಈ ಕೆಲಸ ಸಲ್ಲದು. ಲೇಪ ಎಲ್ಲ ಕಡೆ ಬಿಗಿಯಾಗಿದ್ದು, ಎಲ್ಲೂ ಏಳದಿದ್ದರೆ ಅದನ್ನು ಕೀಳದಿರುವುದೇ ಜಾಣತನ. ಇನ್ನು ಸ್ಪ್ಲೆಂಡರ್‌ನಂಥ ಗಾಡಿಗೆ ಬದಲಿ ಟ್ಯಾಂಕ್ ಸುಲಭವಾಗಿ ಸಿಗುವಾಗ ಇಷ್ಟೆಲ್ಲ ಪಾಡು ಯಾಕೆ ಬೇಕು? ಈ ಶ್ರಮ ಸಾರ್ಥಕವಾಗುವುದು 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಅಥವಾ ಅದೇ ವರ್ಷದ ಹೊತ್ತಿಗೆ ನಿಂತುಹೋದ ಯಮಹಾ ಆರ್‌ಎಕ್ಸ್ 100ರ ಮೂಲ ಟ್ಯಾಂಕಿಗೆ.

ಈಗ ಜಂಗಿನ ಸರದಿ. "ಆ್ಯಸಿಡ್ ಎಷ್ಟ ಜೋರ ಇರ್ತದೋ ಅಷ್ಟ ಲಗೂ ಹೋಗ್ತದ." ಹೋಗುವುದೇನೋ ಹೌದು, ಜೊತೆಗೆ ತಗಡೂ ಹೋಗುತ್ತದೆ. ಪಾಯಖಾನೆ ತೊಳೆಯುವ ದ್ರವದಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅದಕ್ಕೆ ಜಂಗು ಯಾವುದು, ಉಕ್ಕು ಯಾವುದು ಎಂಬ ಭೇದವಿಲ್ಲ. ಜಂಗು ತೀರಿದ ಮೇಲೆ ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ತಗಡಿಗೆ ಕೈಹಾಕುತ್ತದೆ. ಆಗ ಮೇಲೇಳುವ ಗುಳ್ಳೆಗಳು ಹೈಡ್ರೋಜನ್, ಒಂದು ಕಿಡಿಗೆ ಹೊತ್ತುವಂಥದ್ದು. ಕೆಲವು ಟ್ಯಾಂಕುಗಳ ಒಳಮೈಗೆ ಕಾರ್ಖಾನೆಯಲ್ಲೇ ಸತುವಿನ ಅಥವಾ ತವರ-ಸೀಸದ ತೆಳುಪದರ ಕೊಟ್ಟಿರುತ್ತಾರೆ, ಅದೂ ಕರಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಟ್ಯಾಂಕಿನ ಎರಡು ತಗಡು ಕೂಡುವ ಜೋಡಣೆಯ ಸಂದಿನಲ್ಲಿ ಉಳಿದ ಕ್ಲೋರೈಡ್ ಎಷ್ಟು ತೊಳೆದರೂ ಪೂರ್ತಿ ಬಾರದು. ನಿನ್ನೆ ಬೆಳ್ಳಿಯಂತೆ ಹೊಳೆದ ಟ್ಯಾಂಕ್ ಇವತ್ತು ಕಿತ್ತಳೆ ಬಣ್ಣಕ್ಕೆ ತಿರುಗುವುದು ಹೀಗೆ. ಬ್ಯಾಟರಿ ಆ್ಯಸಿಡ್ ಕೂಡ ಇದಕ್ಕೆ ತಕ್ಕ ಔಷಧವಲ್ಲ.

ಮೆಲ್ಲಗಿನ ಆ್ಯಸಿಡ್ಡೇ ಇಲ್ಲಿ ಗೆಲ್ಲುತ್ತದೆ. ಫಾಸ್ಫಾರಿಕ್ ಆ್ಯಸಿಡ್ ಜಂಗನ್ನು ಕರಗಿಸುತ್ತ ತಗಡಿನ ಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುಪೊರೆಯನ್ನೂ ಬಿಡುತ್ತದೆ, ಅದು ಕೆಲಕಾಲ ಕಾಯುತ್ತದೆ. ತಂಪುಪಾನೀಯ ಕೋಲಾದಲ್ಲೂ ಇದೇ ಆ್ಯಸಿಡ್ ಇದೆ ಎಂದು ಬಾಟಲಿಗಟ್ಟಲೆ ಸುರಿಯುವವರಿದ್ದಾರೆ. ಅದರಲ್ಲಿರುವುದು ಶೇ 0.1ಕ್ಕೂ ಕಡಿಮೆ, ಉಳಿಯುವುದು ಸಕ್ಕರೆಯ ಅಂಟು.

ಇನ್ನೊಂದು ಸಿಟ್ರಿಕ್ ಆ್ಯಸಿಡ್, ಅಂದರೆ ಅಂಗಡಿಯ ನಿಂಬೆ ಉಪ್ಪು. ಇಂಡಿಯವರಿಗೆ ಇದರಲ್ಲೊಂದು ಸಹಜ ಪ್ರಶ್ನೆ ಏಳಬೇಕು. ಭೌಗೋಳಿಕ ಗುರುತು ಪಡೆದ ಇಂಡಿ ನಿಂಬೆ ಇಲ್ಲೇ ಬೆಳೆಯುವಾಗ, ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯೇ ಇಂಡಿಯಲ್ಲಿರುವಾಗ, ಹಣ್ಣನ್ನೇ ಹಿಂಡಬಾರದೇಕೆ? ರಸದಲ್ಲಿ ಸಿಟ್ರಿಕ್ ಆ್ಯಸಿಡ್ ಸುಮಾರು ಶೇ 5ರಿಂದ 7 ಇರುತ್ತದೆ, ಜಂಗಿಗೆ ಬೇಕಾದ ಹದವೂ ಅದೇ. ಆದರೆ ರಸದ ಜೊತೆ ತಿರುಳು, ಸಕ್ಕರೆ ಸಂದಿಗೆ ಸೇರುತ್ತವೆ. ಹತ್ತು ಲೀಟರ್ ರಸ ಹಿಂಡುವುದು ಹಣ್ಣಿಗೆ ಮಾಡುವ ಅನ್ಯಾಯವೂ ಹೌದು. ಅಂಗಡಿಯ ನಿಂಬೆ ಉಪ್ಪು ನಿಂಬೆಯಿಂದ ಬಂದದ್ದು ಎಂಬುದೇ ತಪ್ಪು ತಿಳಿವಳಿಕೆ. 1917ರಲ್ಲಿ ಅಮೆರಿಕದ ಜೇಮ್ಸ್ ಕರ್ರಿ ಎಂಬ ವಿಜ್ಞಾನಿ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸಕ್ಕರೆಯಿಂದ ಸಿಟ್ರಿಕ್ ಆ್ಯಸಿಡ್ ಧಾರಾಳವಾಗಿ ತಯಾರಿಸುತ್ತದೆಂದು ತೋರಿಸಿದ ಮೇಲೆ ಇಟಲಿಯ ನಿಂಬೆಯ ಏಕಸ್ವಾಮ್ಯ ಮುಗಿಯಿತು. ಇವತ್ತು ಅದು ಕಾಕಂಬಿ, ಪಿಷ್ಟಗಳನ್ನು ಹುಳಿಯಿಸಿ ತಯಾರಾಗುತ್ತದೆ. ಕಾಕಂಬಿಯನ್ನೇ ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಜಂಗು ಬಿಡಿಸುವ ಹಳೆಯ ಪದ್ಧತಿಯೂ ಇದೆ. ಅದು ಉಕ್ಕನ್ನು ಅಷ್ಟಾಗಿ ತಿನ್ನದು. ವಾರಗಟ್ಟಲೆ ಕಾಯಬೇಕು, ನಾತ ಸಹಿಸಬೇಕು, ಅಲ್ಯೂಮಿನಿಯಂ ಭಾಗಗಳನ್ನು ಮೊದಲೇ ಬಿಚ್ಚಿಡಬೇಕು.

ನಿಂಬೆ ಉಪ್ಪಿನ ಲೆಕ್ಕ ಸರಳ. ಹತ್ತು ಲೀಟರಿನ ಟ್ಯಾಂಕಿಗೆ ಅರ್ಧ ಕಿಲೋ, ಬೆಚ್ಚಗಿನ ನೀರಿನಲ್ಲಿ. ಅದಕ್ಕೂ ಮುಂಚೆ ಸಾಬೂನು ನೀರಿನಿಂದ ಒಳಗಿನ ಜಿಡ್ಡು ತೊಳೆದಿರಬೇಕು, ಜಿಡ್ಡಿನ ಮೇಲೆ ಆ್ಯಸಿಡ್ ಜಾರಿಹೋಗುತ್ತದೆ. ಅರ್ಧ ದಿನದಿಂದ ಒಂದು ದಿನ ಬಿಟ್ಟು, ಬಸಿದು, ಅಡುಗೆ ಸೋಡಾ ನೀರಿನಿಂದ ತೊಳೆದು, ತಡಮಾಡದೆ ಒಣಗಿಸಬೇಕು. ಆ್ಯಸಿಡ್ ಮುಟ್ಟಿದ ಬರಿ ಉಕ್ಕು ನಿಮಿಷಗಳಲ್ಲಿ ಮತ್ತೆ ಕೆಂಪಾಗುತ್ತದೆ. ಇಲ್ಲಿ ಮಾತ್ರ ವಿಜಯಪುರದ ಬಿಸಿಲು ವರ. 40 ಡಿಗ್ರಿ ದಾಟುವ ಏಪ್ರಿಲ್‌ನಲ್ಲಿ ಬಾಯಿ ತೆರೆದು ಮಗುಚಿ ಇಟ್ಟ ಟ್ಯಾಂಕ್ ಬೇಗ ಆರುತ್ತದೆ. ಆರಿದ ಕೂಡಲೇ ಟೂ-ಸ್ಟ್ರೋಕ್ ಆಯಿಲ್ ಸ್ವಲ್ಪ ಹಾಕಿ ಹೊರಳಿಸಿದರೆ ಕಾವಲು ಸಿಕ್ಕಿತು.

ಉಸುಕು, ಗರಸು ಹಾಕಿ ಕುಲುಕುವುದೂ ರೂಢಿಯಲ್ಲಿದೆ. ಕುಲುಕುವುದು ತಪ್ಪಲ್ಲ. ಉಸುಕು ಮಾತ್ರ ಬೇಡ, ಸಂದಿಯಲ್ಲಿ ಕುಳಿತು ಆಮೇಲೆ ಕಾರ್ಬೊರೇಟರಿನ ಜೆಟ್‌ಗೆ ಇಳಿಯುತ್ತದೆ. ಎಣಿಸಿ ಹಾಕಿದ ನಟ್ಟುಗಳು ಅಥವಾ ಒಂದು ತುಂಡು ಚೈನ್ ಒಳ್ಳೆಯದು, ಎಣಿಸಿಯೇ ಹೊರತೆಗೆಯಬಹುದು. ಆದರೆ ಉಕ್ಕಿಗೆ ಉಕ್ಕು ತಾಗಿದರೆ ಕಿಡಿ ಏಳಬಹುದು. ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ, ನೀರು ಹಾಕಿಯೇ ಈ ಕೆಲಸ.

ಪ್ರಾಣ ತೆಗೆಯುವ ನಂಬಿಕೆ ಒಂದಿದೆ: "ಟ್ಯಾಂಕ್ ಖಾಲಿ ಅದ, ವೆಲ್ಡಿಂಗ್ ಮಾಡ್ರಿ, ಏನೂ ಆಗೂದಿಲ್ಲ." ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ದ್ರವ ಪೆಟ್ರೋಲ್ ಸಿಡಿಯದು, ಸಿಡಿಯುವುದು ಗಾಳಿಯೊಡನೆ ಬೆರೆತ ಅದರ ಆವಿ. ಗಾಳಿಯಲ್ಲಿ ಆವಿಯ ಪ್ರಮಾಣ ಸುಮಾರು ಶೇ 1.4ರಿಂದ 7.6ರ ನಡುವೆ ಇದ್ದಾಗ ಅದು ಸ್ಫೋಟಕ. ತುಂಬಿದ ಟ್ಯಾಂಕಿನಲ್ಲಿ ಆವಿ ಈ ಮಿತಿಗಿಂತ ದಟ್ಟವಾಗಿರುತ್ತದೆ, ಬಸಿದ ಟ್ಯಾಂಕಿನಲ್ಲಿ ಸರಿಯಾಗಿ ಇದೇ ಹದಕ್ಕೆ ಬರುತ್ತದೆ. ಜಂಗಿನ ಪದರ ಮತ್ತು ಹಳೆ ಸೀಲರಿನ ಅಡಿಯಲ್ಲಿ ಹೀರಿಕೊಂಡ ಪೆಟ್ರೋಲ್, ತೊಳೆದ ಮೇಲೂ ಜ್ವಾಲೆಯ ಕಾವಿಗೆ ಮತ್ತೆ ಆವಿಯಾಗಿ ಹೊರಬರುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೆಲ ಹಿಡಿದು ಹರಿದು ಹತ್ತಡಿ ಆಚೆಯ ಬೀಡಿಗೂ ತಲುಪಬಲ್ಲದು. ಪದೇಪದೇ ತೊಳೆದು, ಬೆಸುಗೆಯ ಜಾಗ ಮಾತ್ರ ಮೇಲೆ ಉಳಿಯುವಂತೆ ನೀರು ತುಂಬಿ ಬೆಸೆಯುವುದು ಬಲ್ಲವರ ಕ್ರಮ, ಅದನ್ನು ಬಲ್ಲವರಿಗೇ ಬಿಡಬೇಕು. ದಾರಿಯಲ್ಲಿ ಸೋರಿದಾಗ ತೂತಿಗೆ ಸಾಬೂನು ತಿಕ್ಕುವ ಉಪಾಯ ಮಾತ್ರ ನಿಜಕ್ಕೂ ಸರಿ; ಸಾಬೂನು ಪೆಟ್ರೋಲಿನಲ್ಲಿ ಕರಗದು. ಮಳೆ ಬಂದರೆ ಅದು ಉಳಿಯದು, ಮನೆ ತಲುಪುವವರೆಗಿನ ಮಾತು.

"ಈಗಿನ ಎಥೆನಾಲ್ ಪೆಟ್ರೋಲೇ ಎಲ್ಲಕ್ಕೂ ಕಾರಣ" ಎಂಬ ದೂರೂ ಈಗ ಜೋರಾಗಿದೆ. ಶೇ 20 ಎಥೆನಾಲಿನ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಯೆಜ್ಡಿಯ ಟ್ಯಾಂಕುಗಳು ಅದಕ್ಕೂ ದಶಕಗಳ ಹಿಂದಿನಿಂದ ಜಂಗು ಹಿಡಿಯುತ್ತಿವೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಂಡು ಎಂಜಿನ್ ಮೂಲಕ ಸಾಗಿಸಿಯೂ ಬಿಡುತ್ತದೆ. ನೀರು ಮಿತಿ ಮೀರಿದಾಗ ಮಾತ್ರ ಎಥೆನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಆ ಪದರ ಬರಿ ನೀರಿಗಿಂತ ಹೆಚ್ಚು ತಿನ್ನುತ್ತದೆ. ದೂರಿನಲ್ಲಿ ಹುರುಳಿರುವುದು ಬೇರೆ ಕಡೆ: ಎಥೆನಾಲ್ ಇಲ್ಲದ ಕಾಲಕ್ಕೆಂದು ತಯಾರಾದ ಹಳೆ ಸೀಲರುಗಳಲ್ಲಿ ಕೆಲವು ಅದಕ್ಕೆ ಮೆತ್ತಗಾಗಿ ಅಂಟಾಗುತ್ತವೆ. ಹೊಸ ಸೀಲರ್ ಕೊಳ್ಳುವವರು ಡಬ್ಬಿಯ ಮೇಲೆ ಎಥೆನಾಲ್ ತಾಳುತ್ತದೆಂದು ಬರೆದಿದೆಯೇ ನೋಡಬೇಕು. ತೂತಿಲ್ಲದ, ದಿನಾ ಓಡುವ ಗಾಡಿಗೆ ಸೀಲರ್ ಬೇಕಾಗಿಯೇ ಇಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಿಗೆ ಈ ಮನೆಮದ್ದು ನೇರವಾಗಿ ಹೊಂದದು. ಇವುಗಳಲ್ಲಿ ಬಹುತೇಕಕ್ಕೆ ಫ್ಯೂಯಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ. ಪಂಪ್ ಬಿಚ್ಚದೆ ಆ್ಯಸಿಡ್ಡನ್ನಾಗಲಿ ಅಸಿಟೋನನ್ನಾಗಲಿ ಸುರಿದರೆ ಟ್ಯಾಂಕಿಗಿಂತ ದುಬಾರಿಯಾದ ವಸ್ತುವೇ ಹಾಳು. ಹಳೆ ಗಾಡಿಯಾದರೆ, ತೊಳೆದ ಟ್ಯಾಂಕನ್ನು ಎಂಜಿನ್‌ಗೆ ಜೋಡಿಸುವ ಮೊದಲು ಒಂದು ಲೀಟರ್ ಪೆಟ್ರೋಲ್ ಹಾಕಿ, ಕಾಕ್‌ನಿಂದ ಪಾರದರ್ಶಕ ಬಾಟಲಿಗೆ ಇಳಿಸಿ ನೋಡಬೇಕು. ತಳದಲ್ಲಿ ಕೆಂಪು ಪುಡಿ ಕೂತರೆ ಇನ್ನೊಂದು ಸಲ ತೊಳೆಯುವುದಿದೆ.