ವಾಯಿದೆ ಮೀರಿದ ಮೇಲೂ ಕೋರ್ಟು ಕೇಳುತ್ತದೆ, ಕಾರಣ ನಿಜವಿದ್ದರೆ

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಆ ದಡದವರ ಸಿವಿಲ್ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿದರೆ ಧಾರವಾಡ ಪೀಠಕ್ಕೆ ಹೋಗುತ್ತದೆ. ಈ ದಡದ ಹರಿಹರ, ದಾವಣಗೆರೆಯವರು ಬೆಂಗಳೂರಿಗೇ ಹೋಗಬೇಕು. ದಾರಿ ಎಷ್ಟೇ ದೂರವಿರಲಿ, ವಾಯಿದೆ ಎಲ್ಲರಿಗೂ ಒಂದೇ: ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನ, ಕೆಳಗಿನ ಮೇಲ್ಮನವಿ ನ್ಯಾಯಾಲಯಗಳಿಗೆ 30 ದಿನ. ಗಡುವು ತಪ್ಪಿದವರು ವಕೀಲರ ಕಚೇರಿಗೆ ಬಂದು ಕೇಳುವುದು ಒಂದೇ ಮಾತು: ‘ಇನ್ನೇನೂ ಮಾಡಕ್ಕಾಗಲ್ವಾ ಸಾರ್?’

ಆಗುತ್ತದೆ. 1963ರ ಕಾಲಮಿತಿ ಕಾಯ್ದೆಯ 5ನೇ ಕಲಂ ಅದಕ್ಕೆಂದೇ ಇದೆ. ಗಡುವಿನೊಳಗೆ ಬರಲಾಗದ್ದಕ್ಕೆ ‘ಸಾಕಷ್ಟು ಕಾರಣ’ ತೋರಿಸಿದರೆ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದು. ಎಂಥ ಕಾರಣ ಸಾಕು ಎಂದು ಕಾಯ್ದೆ ಪಟ್ಟಿ ಕೊಟ್ಟಿಲ್ಲ; ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿದೆ.

ಆ ವಿವೇಚನೆ ಹೇಗಿರಬೇಕೆಂಬುದನ್ನು 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ತಡವಾದದ್ದು 883 ದಿನ. ನಂಬಿದ ವಕೀಲರೇ ಕೈಕೊಟ್ಟರು ಎಂಬುದು ಅರ್ಜಿದಾರರ ಅಳಲು. ಎಷ್ಟು ದಿನ ತಡವಾಯಿತು ಎಂಬುದಕ್ಕಿಂತ ಕೊಟ್ಟ ಕಾರಣ ನಂಬುವಂತಿದೆಯೇ ಎಂಬುದು ಮುಖ್ಯ ಎಂದ ನ್ಯಾಯಾಲಯ ವಿಳಂಬವನ್ನು ಮನ್ನಿಸಿತು. ಜೊತೆಗೆ ಎದುರು ಕಕ್ಷಿಗೆ 10,000 ರೂಪಾಯಿ ಕೊಡುವಂತೆಯೂ ಹೇಳಿತು. ತಡ ಮಾಡಿದವರಿಗೆ ಅವಕಾಶ, ಕಾದವರಿಗೆ ಖರ್ಚು: ಇದು ನ್ಯಾಯವಾದ ತೂಕ.

ಅದೇ ತೂಕ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸಬೇಕು. ಕರ್ನಾಟಕ ಗೃಹ ಮಂಡಳಿ ಜಮೀನಿನ ವ್ಯಾಜ್ಯವೊಂದರಲ್ಲಿ 3,966 ದಿನ, ಅಂದರೆ ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ ಎರಡನೇ ಮೇಲ್ಮನವಿ ಸಲ್ಲಿಸಿತು. ಹೈಕೋರ್ಟ್ ಅದನ್ನು ಮನ್ನಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಕಡತ ಮೇಜಿನಿಂದ ಮೇಜಿಗೆ ಸಾಗುತ್ತಿತ್ತು ಎಂಬ ವಿವರಣೆ ಬಡ ರೈತನೊಬ್ಬ ಕೊಟ್ಟರೆ ಒಪ್ಪುವವರಿಲ್ಲ; ಕಾನೂನು ವಿಭಾಗವನ್ನೇ ಇಟ್ಟುಕೊಂಡ ಸಂಸ್ಥೆ ಕೊಟ್ಟರೂ ಒಪ್ಪಬಾರದು. ಈ ತೀರ್ಪು ಬರಬೇಕಾಗಿತ್ತು.

ವಿವೇಚನೆಗೂ ಮಿತಿಯಿದೆ. 5ನೇ ಕಲಂ ಇರುವುದು ಮೇಲ್ಮನವಿ ಮತ್ತು ಅರ್ಜಿಗಳಿಗೆ; ಹೊಸ ದಾವೆಗೆ ಅದು ಅನ್ವಯಿಸದು. ದಾವಣಗೆರೆಯ ಮಂಡಿಪೇಟೆಯಲ್ಲಿ ಯಾರೋ ಪ್ರೋನೋಟಿನ ಮೇಲೆ ಕೊಟ್ಟ ಸಾಲಕ್ಕೆ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ, ಎದುರಾಳಿ ತಕರಾರು ಎತ್ತದಿದ್ದರೂ ಕೋರ್ಟು ಆಮೇಲಿನ ದಾವೆಯನ್ನು ವಜಾ ಮಾಡಲೇಬೇಕು. ಅವಧಿ ಮುಗಿಯುವ ಮೊದಲೇ ಸಾಲಗಾರ ಬಾಕಿಯನ್ನು ಬರೆದು ಒಪ್ಪಿ ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರು. ದಾವೆಗೆ ಉತ್ತರವಾಗಿ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲೂ ಗಡುವಿದೆ: ಸಾಮಾನ್ಯ ದಾವೆಯಲ್ಲಿ 90 ದಿನ ಮೀರಿದರೂ ಅಪರೂಪಕ್ಕೆ ಅವಕಾಶ ಸಿಗಬಹುದು; ವಾಣಿಜ್ಯ ದಾವೆಯಲ್ಲಿ 120 ದಿನ ಮುಗಿದರೆ ಬಾಗಿಲು ಮುಚ್ಚಿತು.

ಹಾಗಾಗಿ ತೀರ್ಪು ಬಂದ ಕೂಡಲೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಗಡುವಿನಲ್ಲಿ ಎಣಿಸುವುದಿಲ್ಲ. ಅರ್ಜಿ ಹಾಕಿದ್ದು ಯಾವಾಗ, ಸಿದ್ಧವಾದದ್ದು ಯಾವಾಗ ಎಂಬ ತಾರೀಕುಗಳು ನಕಲಿನ ಮೇಲೇ ಇರುತ್ತವೆ. ವಕೀಲರು ಮೊದಲು ನೋಡುವುದು ಅವನ್ನೇ. ಆದರೂ ತಡವಾಯಿತೆಂದರೆ, ಮೇಲ್ಮನವಿಯ ಜೊತೆಗೇ ವಿಳಂಬ ಮನ್ನಾ ಅರ್ಜಿ ಮತ್ತು ಪ್ರಮಾಣಪತ್ರ ಕೊಡಬೇಕು. ‘ಅನಾರೋಗ್ಯದ ನಿಮಿತ್ತ’ ಎಂಬ ಒಂದು ಸಾಲು ಸಾಲದು. ಯಾವ ಆಸ್ಪತ್ರೆ, ಎಂದಿನಿಂದ ಎಂದಿನವರೆಗೆ, ಬಿಡುಗಡೆಯ ಚೀಟಿ ಎಲ್ಲಿ, ಆಮೇಲೆ ಉಳಿದ ದಿನ ಏನಾಯಿತು ಎಂದು ಬರೆಯಬೇಕು. ವಕೀಲರ ಬಳಿ ಇದ್ದದ್ದನ್ನು ಇದ್ದಂತೆ ಹೇಳಬೇಕು.

ಗೆದ್ದ ಕಕ್ಷಿದಾರರೂ ವರ್ಷಗಟ್ಟಲೆ ಕೋರ್ಟು ಅಲೆದವರೇ. ಅವರ ಡಿಕ್ರಿಯನ್ನು ಮತ್ತೆ ಅಲುಗಾಡಿಸಲು ಬರುವವರಿಂದ ನ್ಯಾಯಾಲಯ ಪ್ರಾಮಾಣಿಕ ಕಾರಣವನ್ನು ಬಯಸುವುದು ಸರಿಯೇ. ಅಂಥ ಕಾರಣವಿದ್ದವರು ದಿನಗಳ ಸಂಖ್ಯೆಗೆ ಹೆದರಿ ಸುಮ್ಮನಾಗಬೇಕಿಲ್ಲ.