ಅಜ್ಜಿಯ ಕುರ್ಚಿಯಲ್ಲೇ ಪ್ರವಚನ

ಮನೆಯ ಹಿರಿಯರಿಗೆ ಕಿವಿ ಮಂದವಾದರೆ ಪ್ರವಚನದ ಧ್ವನಿ ಏರಿಸುತ್ತೇವೆ. ಪಕ್ಕದ ಕೋಣೆಯಲ್ಲಿ ಸಾಮಾಯಿಕಕ್ಕೆ ಕುಳಿತವರ ಮನಸ್ಸು ಕದಡುತ್ತದೆ. ಕುರ್ಚಿಯ ಬೆನ್ನಿಗೇ ಸ್ಪೀಕರ್ ಕೂರಿಸಿದರೆ ಈ ತೊಡಕು ಬಹುಪಾಲು ನೀಗುತ್ತದೆ. ಬಯಲಿನ ಲೆಕ್ಕದಲ್ಲಿ, 8 ಅಡಿ ದೂರಕ್ಕೆ ಬೇಕಾಗುವ ಶಕ್ತಿಯ 64ನೇ ಒಂದು ಪಾಲು 1 ಅಡಿಗೆ ಸಾಕು.

ಕುಪವಾಡದವರಿಗೆ ಮಿರಜ ದೂರವಲ್ಲ. 2024ರಲ್ಲಿ ಭೌಗೋಳಿಕ ಸೂಚಕ ಪಡೆದ ಅಲ್ಲಿಯ ತಂಬೂರಿಯ ಬುರುಡೆ ತಂತಿಯೊಡನೆ ತಾನೂ ದನಿಗೂಡಿಸಬೇಕು. ಸ್ಪೀಕರಿನ ಪೆಟ್ಟಿಗೆ ಮಾತ್ರ ಮೂಕವಾಗಿರಬೇಕು! ಆದ್ದರಿಂದ 12 ಮಿ.ಮೀ. ಪ್ಲೈವುಡ್ಡಿನಲ್ಲಿ, ಗಾಳಿಯಾಡದಂತೆ ಎರಡು ಪುಟ್ಟ ಪೆಟ್ಟಿಗೆ ಮಾಡಿಸಿ, ಸಡಿಲವಾಗಿ ಹತ್ತಿ ತುಂಬಿ, ಕಿವಿಯ ಮಟ್ಟಕ್ಕೆ ಬಿಗಿಯಿರಿ. 4 ಇಂಚಿನ ಸ್ಪೀಕರ್ ಧಾರಾಳವಾಯಿತು. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದಾಗ ಎರಡರ ಪರದೆಯೂ ಒಂದೇ ದಿಕ್ಕಿಗೆ ಸರಿಯಬೇಕು. ಇಲ್ಲವಾದರೆ ಒಂದರ ತಂತಿಗಳನ್ನು ಅದಲುಬದಲು ಮಾಡಿ.

ಬಡಿಗರಿಗೆ ಮೊದಲೇ ಹೇಳಿಡಿ: ಹಳೆಯ ಕಾಲದ ಅಂಟು ಪ್ರಾಣಿಗಳ ಚರ್ಮ, ಮೂಳೆಗಳಿಂದ ಆದದ್ದು, ನಮಗೆ ಬೇಡ, ಫೆವಿಕಾಲ್ ಇದೆ. ಕುರ್ಚಿಗೆ ರೆಕ್ಸಿನ್ ಆಗಬಹುದು, ಸ್ಪೀಕರಿನ ಮುಂದೆ ಮಾತ್ರ ತೆಳುವಾದ ಹತ್ತಿ ಬಟ್ಟೆ. ಧ್ವನಿ ಹೊರಬರುತ್ತದೆ, ಹುಳಹುಪ್ಪಟೆ ಒಳಹೋಗಿ ಸಾಯುವುದಿಲ್ಲ.

ಮನೆಯ ಕರೆಂಟನ್ನು ಕುರ್ಚಿಯೊಳಗೆ ತರಬೇಡಿ. ಆಂಪ್ಲಿಫೈಯರ್ ಪಕ್ಕದ ಸ್ಟೂಲಿನ ಮೇಲೆ ಅಜ್ಜಿಯ ಕೈಗೆಟುಕುವಂತಿರಲಿ; ಮೊದಲ ದಿನ ಧ್ವನಿಯ ಗುಂಡಿಯನ್ನು ಸೊನ್ನೆಯಿಂದ ಅವರೇ ತಿರುಗಿಸಲಿ.