ಹಳೆ ಮಾಳಿಗೆಗೆ ಹೊಸ ಅಂಕಣ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ನಾವು ಹೇಳ್ತೀವಿ. 'ಇಲ್ಲು ಕಟ್ಟಿ ಚೂಡು, ಪೆಳ್ಳಿ ಚೇಸಿ ಚೂಡು' ಅಂತ ನಮ್ಮ ಪಕ್ಕದ ಓಣಿಯವರು ಹೇಳ್ತಾರೆ. ಮಾತು ಒಂದೇ, ನಾಲಿಗೆ ಎರಡು. ಆದರೆ ಕಟ್ಟಿದ ಮನೆಗೆ ಇನ್ನೊಂದು ಕೋಣೆ ಸೇರಿಸಿ ನೋಡು ಅಂತ ಎರಡು ಭಾಷೆಯ ಹಿರಿಯರೂ ಎಚ್ಚರಿಕೆ ಕೊಟ್ಟಿಲ್ಲ. ನನ್ನ ಪ್ರಕಾರ ಅದು ಮೊದಲಿನ ಎರಡಕ್ಕಿಂತ ಕಷ್ಟ. ನಾನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ಅವ್ವನ ಜೀವಕ್ಕೇ ಬಂದಿತ್ತು.

ನಮ್ಮದು ರಾಯದುರ್ಗ ಸೀಮೆ. ಮನೆ ಅಜ್ಜ ಕಟ್ಟಿಸಿದ್ದು. ಆಗ ಇದು ಮದ್ರಾಸಿನ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಬಂದವು. 1956ರಲ್ಲಿ ಆಂಧ್ರ ಹೋಗಿ ಆಂಧ್ರಪ್ರದೇಶ ಆಯಿತು. ಮನೆ ಮಾತ್ರ ಇದ್ದಲ್ಲೇ ಇತ್ತು, ತೊಲೆ ಒಂದಿಂಚು ಅಲ್ಲಾಡಲಿಲ್ಲ. ಅದನ್ನು ಅಲ್ಲಾಡಿಸಿದವನು ನಾನು.

ಮಾಳಿಗೆ ಮನೆ ಅಂದರೆ ಈ ಪುರವಣಿ ಓದುವವರಿಗೆ ಹೇಳಬೇಕಾಗಿಲ್ಲ. ಆದರೂ ಈಗಿನ ಹುಡುಗರು ಕೇಳ್ತಾರೆ. ಎರಡಡಿ ದಪ್ಪದ ಕಲ್ಲುಗೋಡೆ, ಕಲ್ಲುಗಳ ನಡುವೆ ಬರೀ ಕೆಸರು. ಗೋಡೆಯಿಂದ ಕಂಬಕ್ಕೆ ತೊಲೆ, ತೊಲೆ ಮೇಲೆ ಸಾಲಾಗಿ ಜಂತೆ, ಜಂತೆ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಕೆಸರು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ತೆಲುಗಿನಲ್ಲಿ ಇದೇ 'ಚೌಡು ಮಿದ್ದೆ'. ಬೆಳೆ ಬಾರದ ಈ ಕೆಟ್ಟ ಮಣ್ಣಿಗೆ ಒಂದು ಗುಣ ಇದೆ. ಅದರಲ್ಲಿ ಸೋಡಿಯಂ ಉಪ್ಪು ಹೆಚ್ಚು. ಮೊದಲ ಹನಿ ಬಿದ್ದ ಕೂಡಲೇ ಅದರ ಜಿಗಟು ಕಣ ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಆಮೇಲೆ ನೀರು ಕೆಳಗೆ ಇಳಿಯದು. ಹೊಲದಲ್ಲಿ ಶೇಂಗಾ ಬೇರಿಗೆ ಶಾಪವಾದದ್ದು ಮಾಳಿಗೆ ಮೇಲೆ ವರ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ. ಅಷ್ಟಕ್ಕೆ ಇದು ಸಾಕು, ನೀರು ಹೊರಗೆ ಹೋಗುವ ದೋಣಿ ತೆರೆದಿದ್ದರೆ.

ಇಂಥ ಮನೆಯ ಅಳತೆ ಅಡಿಯಲ್ಲಲ್ಲ, ಅಂಕಣದಲ್ಲಿ. ಒಂದು ತೊಲೆಗೂ ಇನ್ನೊಂದು ತೊಲೆಗೂ ನಡುವಿನ ಜಾಗವೇ ಅಂಕಣ. ನಮ್ಮದು ಐದಂಕಣದ ಮನೆ. (ಪತ್ರಿಕೆಯಲ್ಲಿ ಬರೆಯುವುದಕ್ಕೂ ಅಂಕಣ ಅಂತಲೇ ಕರೀತಾರೆ. ಅಂಥ ಅಂಕಣ ನನಗೆ ಯಾರೂ ಕೊಟ್ಟಿಲ್ಲ, ಇರುವುದು ಇವೇ ಐದು.)

2006ರಲ್ಲಿ ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡ್ತಿತ್ತು. ನೆಂಟರು ಬಂದರೆ ಕೂರಿಸಲು ಒಂದು ಸ್ಲ್ಯಾಬಿನ ರೂಮು ಬೇಕು ಅನ್ನಿಸಿತು. ಊರಲ್ಲಿ ನಾಲ್ಕು ಮಂದಿ ಹಾಕಿಸಿದ್ದರು, ನಮಗೂ ಆಸೆ. ಒಬ್ಬ ಗುತ್ತಿಗೆದಾರರು ಬಂದು ಪಡುವಣ ಗೋಡೆಗೆ ಅಂಟಿಸಿ ರೂಮು ಕಟ್ಟಿಕೊಟ್ಟರು. ಅವರ ಹೆಸರು ಬೇಡ, ತಪ್ಪು ಅರ್ಧ ನನ್ನದೇ. ಹೊಸ ಸ್ಲ್ಯಾಬು ಹಳೆ ಮಾಳಿಗೆಗಿಂತ ಎರಡಡಿ ಎತ್ತರ ನಿಂತಿತು. ನನಗೆ ಅದೇ ಹೆಮ್ಮೆ, ಬಸ್ಸಿನಿಂದ ಇಳಿದರೆ ದೂರಕ್ಕೇ ಕಾಣುತ್ತಿತ್ತು. ಆದರೆ ಹಳೆ ಮಾಳಿಗೆಯ ಎರಡು ದೋಣಿ ಇದ್ದದ್ದು ಅದೇ ಪಡುವಣಕ್ಕೆ! ಅವೆರಡೂ ಹೊಸ ಗೋಡೆಯ ಹಿಂದೆ ಮುಚ್ಚಿಹೋದವು. 'ಪೈಪ್ ಹಾಕ್ತೀವಿ ಬಿಡ್ರಿ' ಅಂದರು. ಹಾಕಿದರು, ಎರಡಿಂಚಿನ ಪಿವಿಸಿ. ಚೌಳು ಮಣ್ಣು ಕರಗಿ ಹರಿಯುವ ಕಡೆ ಎರಡಿಂಚಿನ ಪೈಪು ಎಷ್ಟು ದಿನ?

ಇನ್ನೊಂದು ಕೆಲಸವೂ ಆಯಿತು. ಹೊಸದು ಹಳೆಯದು ಒಂದೇ ಥರ ಕಾಣಲಿ ಅಂತ ಹಳೆ ಕೆಸರುಗೋಡೆಗೂ ಒಳಗೂ ಹೊರಗೂ ಸಿಮೆಂಟ್ ಗಿಲಾವು ಬಳಿಸಿದೆ, ಮೇಲೆ ನೀಲಿ ಬಣ್ಣ. ಕೆಸರುಗೋಡೆ ಅಂದರೆ ಉಸಿರಾಡುವ ಗೋಡೆ. ನೆಲದಿಂದ ತೇವ ಏರುತ್ತೆ, ಬಿಸಿಲಿಗೆ ಆರುತ್ತೆ. ಸಿಮೆಂಟ್ ಬಳಿದರೆ ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಹೊರಗಿನಿಂದ ಗೋಡೆ ಗಟ್ಟಿಮುಟ್ಟು, ಒಳಗೆ ಅಂಬಲಿ. ಗಿಲಾವು ಇರದಿದ್ದರೆ ಗೋಡೆ ಉಬ್ಬಿದ್ದು ಕಣ್ಣಿಗೆ ಬೀಳುತ್ತಿತ್ತು, ಎಚ್ಚರ ಆಗುತ್ತಿದ್ದೆವು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ಕರ್ನೂಲು ಪಟ್ಟಣ ಮುಳುಗಿ, ಆ ಕಡೆ ರಾಯಚೂರು, ಬಿಜಾಪುರದಲ್ಲೆಲ್ಲ ಹಳೆ ಮನೆಗಳು ಕುಸಿದ ದಿನಗಳು ನಿಮಗೂ ನೆನಪಿರಬೇಕು. ನಮ್ಮೂರಿಗೆ ಅಂಥ ಮಳೆ ಏನಿರಲಿಲ್ಲ, ಮೂರು ದಿನ ಬಿಡದೆ ಜಿನುಗಿತು ಅಷ್ಟೇ. ಪೈಪು ಕಟ್ಟಿಕೊಂಡು ಮಾಳಿಗೆ ಮೇಲೆ ನೀರು ಕುಂಟೆಯಾಗಿ ನಿಂತದ್ದನ್ನು ಯಾರೂ ನೋಡಲಿಲ್ಲ. ಮೂರನೇ ರಾತ್ರಿ ಪಡಸಾಲೆಯ ಪಡುವಣ ಮೂಲೆ ಗೋಡೆ ಸಮೇತ ಕೂತುಬಿಟ್ಟಿತು. ಅವ್ವ ಮಲಗುತ್ತಿದ್ದ ಜಾಗ ಅದು. ಆಡು ಈಯುವ ಹೊತ್ತಾಗಿದೆ ಅಂತ ಆಗಷ್ಟೇ ಲಾಟೀನು ಹಿಡಿದು ದೊಡ್ಡಿಗೆ ಹೋಗಿದ್ದಳು. ವಾಪಸ್ಸು ಬಂದು ನೋಡಿದರೆ ಚಾಪೆ ಇಲ್ಲ, ತೊಲೆ ಇದೆ. ಅವಳು ಅತ್ತದ್ದು ಚಾಪೆ ಮೇಲಿದ್ದ ಕೌದಿಗೆ, ಅದು ಅವರಮ್ಮ ಹೊಲಿದದ್ದು. ನಾನು ಬೆಳಗಿನ ತನಕ ಆ ಮಣ್ಣಿನ ಗುಡ್ಡೆ ನೋಡುತ್ತಾ ಕೂತಿದ್ದೆ.

ಆ ಮೂಲೆ ಹದಿನಾಲ್ಕು ವರ್ಷ ತಗಡಿನ ಕೆಳಗೇ ಇತ್ತು.

2023ರಲ್ಲಿ ಮಗನ ಮದುವೆ ಗೊತ್ತಾಯಿತು. ಅವನು ಬೆಂಗಳೂರಲ್ಲಿ ಕೆಲಸ. ಹಬ್ಬಕ್ಕೆ, ಕಟಾವಿಗೆ ಹೆಂಡತಿ ಕರಕೊಂಡು ಬಂದರೆ ಒಂದು ಕೋಣೆ, ಒಂದು ಬಚ್ಚಲು ಬೇಕು ಅಂದ. ಮೊದಲು ಎಲ್ಲಾ ಕೆಡವಿ ಸ್ಲ್ಯಾಬು ಹಾಕೋಣ ಅಂದ. ಅವನ ಮಾತಲ್ಲಿ ತಪ್ಪಿರಲಿಲ್ಲ, ಪ್ರತಿ ವರ್ಷ ಮಾಳಿಗೆ ಹತ್ತಿ ಮಣ್ಣು ಹಾಕುವವರು ಯಾರು? ಅವ್ವ ಮಾತ್ರ 'ಸ್ಲ್ಯಾಬಿನ ಕೆಳಗೆ ಏಪ್ರಿಲ್‌ನಲ್ಲಿ ನೀನು ಮಲಗ್ತಿಯೇನೋ?' ಅಂದಳು. ಅವನು 2006ರ ರೂಮಿನಲ್ಲಿ ಬೇಸಿಗೆ ಕಳೆದವನು, ಸುಮ್ಮನಾದ. ಮುಂದಿನ ಐದಂಕಣ ಉಳಿಸಿ ಹಿತ್ತಲಿಗೆ ಎರಡಂಕಣ ಸೇರಿಸುವುದು ಅಂತ ತೀರ್ಮಾನ ಆಯಿತು.

ಈ ಸಲ ಕರೆಸಿದ್ದು ಮೊಳಕಾಲ್ಮುರು ಕಡೆಯ ಒಬ್ಬ ಹಿರೇ ಗೌಂಡಿಯನ್ನು. ಬಂದವರು ಟೇಪು ತೆಗೆಯಲಿಲ್ಲ. ಏಣಿ ಕೇಳಿ ಮಾಳಿಗೆ ಹತ್ತಿದರು, ಒಂದು ತಂಬಿಗೆ ನೀರು ಚೆಲ್ಲಿ ಅದು ಎತ್ತ ಹೋಗುತ್ತೆ ನೋಡಿದರು. ಆಮೇಲೆ ಹಾರೆಯಿಂದ ನಡುಮಧ್ಯೆ ಅಗೆಸಿದರು. ಮಣ್ಣು ಹದಿನಾಲ್ಕು ಇಂಚು! ಅಜ್ಜ ಹಾಕಿಸಿದ್ದು ಆರಿಂಚು ಇದ್ದೀತು. ವರ್ಷಾ ವರ್ಷಾ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಹಾಕುತ್ತಾ ಬಂದದ್ದು ನಾವು. ಲೆಕ್ಕ ಹಾಕಿ ನೋಡ್ರಿ, ವ್ಯಾಪಾರಸ್ಥರಿಗೆ ಲೆಕ್ಕ ಬೇಗ ಹತ್ತುತ್ತೆ. ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಪಡಸಾಲೆ. ಒಂದು ಘನ ಅಡಿ ಮಣ್ಣು 45 ಕೆ.ಜಿ.ಗೆ ಕಡಿಮೆ ಇಲ್ಲ. ಆರಿಂಚು ಮಣ್ಣಂದರೆ ನಾಲ್ಕೂವರೆ ಟನ್. ಅದರ ಮೇಲೆ ಪ್ರತಿ ಇಂಚಿಗೂ 750 ಕೆ.ಜಿ. ಹದಿನಾಲ್ಕು ಇಂಚಿಗೆ ಹತ್ತೂವರೆ ಟನ್, ಒಣಗಿದ್ದಾಗ. ನೆನೆದರೆ ಇನ್ನೂ ಹೆಚ್ಚು. ಹೊಸ ಕೋಣೆಯ ಮಾತು ಆಮೇಲೆ, ಮೊದಲು ಹಳೆಯದರ ತಲೆಭಾರ ಇಳಿಸಿ ಅಂದರು. ಎಂಟು ದಿನ ಮಣ್ಣು ಇಳಿಸುವುದೇ ಆಯಿತು. ಗೆದ್ದಲು ತಿಂದ ಎರಡು ಜಂತೆ ಬದಲಾಯಿಸಿದೆವು, ಬಳ್ಳಾರಿಯಲ್ಲಿ ಹಳೆ ಮರ ಮಾರುವ ಕಡೆ ಅದೇ ದಪ್ಪದ್ದು ಸಿಕ್ಕಿತು. ನೆಂಟರಿಗಂತ ಕಟ್ಟಿಸಿದ 2006ರ ರೂಮನ್ನೂ ಕೆಡವಿಸಿದೆ. ದೋಣಿ ಮತ್ತೆ ತೆರೆದಾಗ ಸಮಾಧಾನ ಆಯಿತು.

ಅಂಟಿಸಬಾರದು

ಹೊಸ ಕೋಣೆ ಹಳೆ ಗೋಡೆಗೆ ಅಂಟಬಾರದು ಅನ್ನುವುದು ಗೌಂಡಿಯ ಮೊದಲ ಪಟ್ಟು. ಹಳೆ ಗೋಡೆ ಎಷ್ಟು ಕೂರಬೇಕೋ ಅಷ್ಟು ಕೂತು ಎಪ್ಪತ್ತೆಂಬತ್ತು ವರ್ಷ ಆಗಿದೆ. ಹೊಸದು ಇನ್ನು ಕೂರಬೇಕು. ಎರಡನ್ನೂ ಕಲ್ಲಿಗೆ ಕಲ್ಲು ಹೆಣೆದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ, ಬಿರುಕು ಬಿಡುತ್ತದೆ. ಎರೆನೆಲವಾದರೆ ಕೇಳಲೇಬೇಡಿ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ನೆಲ ಅದು. ನಮ್ಮದು ಪುಣ್ಯಕ್ಕೆ ಕೆಂಪು ನೆಲ. ಹಳೆ ಗೋಡೆಯ ಬುಡದಲ್ಲೇ ಅದರ ಪಾಯಕ್ಕಿಂತ ಆಳ ತೋಡುವುದು ಇನ್ನೂ ದೊಡ್ಡ ತಪ್ಪು, ಗೋಡೆಯ ಕಾಲ ಕೆಳಗಿನ ಮಣ್ಣು ಜಾರುತ್ತದೆ.

ಹಾಗಾಗಿ ಹಳೆ ಹಿಂಗೋಡೆಗೂ ಹೊಸ ಕೋಣೆಗೂ ನಡುವೆ ಆರಡಿ ಬಯಲು ಬಿಟ್ಟೆವು. ಹಿಂದಿನ ಕಿಟಕಿಗೆ ಗಾಳಿ ಬೆಳಕು ಉಳಿಯಿತು, ತುಳಸಿಕಟ್ಟೆಯೂ ಉಳಿಯಿತು. ಹಳೆ ಹಿತ್ತಲ ಬಾಗಿಲಿಂದ ಹೊಸ ಬಾಗಿಲಿಗೆ ಒಂದು ಸಣ್ಣ ಓಣಿ, ಮೇಲೆ ಹೆಂಚು. ಆ ಹೆಂಚಿನ ಕಟ್ಟಿಗೆ ಕೂಡ ಹೊಸ ಗೋಡೆಯ ಮೇಲಷ್ಟೇ ಕೂತಿದೆ. ಹಳೆಯದರ ಕಡೆ ಒಂದಿಂಚು ಸಂದು ಬಿಟ್ಟು ಮೇಲೆ ತಗಡು ಮಡಚಿದ್ದಾರೆ, ನೀರು ಇಳಿಯದ ಹಾಗೆ. ಹಿತ್ತಲು ಇಳಿಜಾರಾದ್ದರಿಂದ ಹೊಸ ನೆಲ ಎರಡು ಮೆಟ್ಟಿಲು ಕೆಳಗೆ. ಒಳಗಿನ ಎತ್ತರ ಕಡಿಮೆಯಾಗದೆಯೇ ಹೊಸ ಛಾವಣಿ ಹಳೆ ಮಾಳಿಗೆಗಿಂತ ಒಂದಡಿ ತಗ್ಗಿ ನಿಂತಿತು. ಬೀದಿಯಿಂದ ನೋಡಿದರೆ ಹೊಸದು ಕಾಣುವುದೇ ಇಲ್ಲ. ಮಗನಿಗೆ ಅದು ಸ್ವಲ್ಪ ಬೇಜಾರೇ, ಕಟ್ಟಿಸಿದ್ದು ಯಾರಿಗೂ ಕಾಣದಿದ್ದರೆ ಹೇಗೆ ಅಂತ.

ಬಚ್ಚಲಿಗೆ ದೊಡ್ಡ ಜಗಳ ಆಯಿತು. ಅವ್ವನ ಮಂಡಿ ನೋವಿಗೆ ಮೆಟ್ಟಿಲು ಇಳಿಯುವ ಬಚ್ಚಲು ಆಗದು, ಪಡಸಾಲೆ ಮಟ್ಟಕ್ಕೇ ಬೇಕು. ಆದರೆ ದಿನಾ ನೀರು ಬೀಳುವ ಕೋಣೆ ಕೆಸರುಗೋಡೆಗೆ ತಾಗುವಂತಿಲ್ಲ. ಗೌಂಡಿ ಎರಡು ದಿನ ಬೀಡಿ ಸೇದಿ ಯೋಚನೆ ಮಾಡಿದರು. ಕೊನೆಗೆ 2006ರ ರೂಮಿನ ಪಾಯದ ಮೇಲೇ, ಹಳೆ ಗೋಡೆಗೆ ಮೂರಡಿ ದೂರ ಬಿಟ್ಟು ಬಚ್ಚಲು ಎಬ್ಬಿಸಿದರು. ನಡುವಿನ ಜಾಗ ಪಡಸಾಲೆ ಮಟ್ಟದ ಕಟ್ಟೆಯಾಯಿತು, ಕಲ್ಲುಚಪ್ಪಡಿ ಹಾಸಿ ಹೊರಕ್ಕೆ ಸ್ವಲ್ಪ ಇಳಿಜಾರು ಕೊಟ್ಟರು. ಅಷ್ಟಕ್ಕೆ ಆ ಹಾಳು ರೂಮೂ ಉಪಯೋಗಕ್ಕೆ ಬಂತು.

ಒಂದೇ ಮನೆ ಅನ್ನಿಸುವುದು ಯಾವುದರಿಂದ?

ಬಣ್ಣದಿಂದ ಅಲ್ಲ. ನಾನು ಮೊದಲ ಸಲ ನೀಲಿ ಬಳಿದು ಕಲಿತದ್ದು ಅದು. ಅಳತೆಯಿಂದ. ಹಳೆ ಅಂಕಣ ಒಂಬತ್ತಡಿ, ಹೊಸ ಅಂಕಣವೂ ಒಂಬತ್ತಡಿಯೇ. ಹಳೆ ಕಿಟಕಿ ಎರಡಡಿ ಅಗಲ, ಮೂರಡಿ ಎತ್ತರ. ಈಗಿನ ಅಗಲವಾದ ಜಾರು ಕಿಟಕಿ ಬೇಡ ಅಂದು, ಅದೇ ಅಳತೆಯವು ಎರಡು ಅಕ್ಕಪಕ್ಕ ಇಟ್ಟೆವು, ಬೆಳಕು ಅಷ್ಟೇ ಬಂತು. ಬಾಗಿಲು ಕಿಟಕಿಗಳ ತಲೆ ಒಂದೇ ಗೆರೆಯಲ್ಲಿ. ಕುಸಿದ ಗೋಡೆಯ ಕಲ್ಲೆಲ್ಲ ಹಿತ್ತಲಲ್ಲಿ ರಾಶಿ ಬಿದ್ದಿತ್ತು, ಹೊಸ ಗೋಡೆಯ ಹೊರಮೈಗೆ ಅದನ್ನೇ ಕಟ್ಟಿದರು, ಒಳಮೈಗೆ ಸ್ಥಿರಗೊಳಿಸಿದ ಮಣ್ಣಿನ ಇಟ್ಟಿಗೆ. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಮಾಡುವ ಇಟ್ಟಿಗೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಆಸ್ತ್ರ'ದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಛಾವಣಿಗೆ ಮರದ ತೊಲೆ ಈಗ ಕೊಳ್ಳಲಾಗದು. ಕಬ್ಬಿಣದ ತೊಲೆ ಇಟ್ಟು ಮೇಲೆ ಕಡಪ ಬಂಡೆ ಹಾಸಿ, ಅದರ ಮೇಲೆ ಸುಣ್ಣ, ಇಟ್ಟಿಗೆ ಚೂರಿನ ಗಾರೆ. ಒಳಗೆ ನಿಂತು ಮೇಲೆ ನೋಡಿದರೆ ಮಾಳಿಗೆಯದ್ದೇ ಸಾಲು. ಹಳೆ ಗೋಡೆಯ ಸಿಮೆಂಟ್ ಗಿಲಾವು ಕೆತ್ತಿಸಿ ಮಣ್ಣು ಸುಣ್ಣದ ಗಿಲಾವು ಮಾಡಿಸಿದೆ. ಕೂಲಿ ಹೆಚ್ಚಾಯಿತು, ಸಾಮಾನು ಕಡಿಮೆಯಾಯಿತು. ದುಡ್ಡು ಉಳಿಯಿತು ಅಂತ ಸುಳ್ಳು ಹೇಳಲಾರೆ.

ಕೆಲಸದ ದಿನಗಳಲ್ಲಿ ಭಾಷೆಯೂ ಹೀಗೇ ಅಂಕಣ ಸೇರಿಸುತ್ತಿತ್ತು. ಗೌಂಡಿ ಕನ್ನಡ, ಕೂಲಿಯವರು ತೆಲುಗು. ಅವರು ಹೊಸ್ತಿಲು ಅಂದರೆ ಇವರು ಗಡಪ, ಅವರು ತೊಲೆ ಅಂದರೆ ಇವರು ದೂಲಂ, ಜಗಲಿಕಟ್ಟೆಗೆ ಅರುಗು. ಛಾವಣಿಗೆ ತೆಲುಗಿನಲ್ಲಿ 'ಕಪ್ಪು'. ಒಲೆ ಹೊಗೆಗೆ ಕರ್ರಗಾದ ನಮ್ಮ ಜಂತೆ ನೋಡಿದರೆ ಕನ್ನಡದಲ್ಲೂ ಅದೇ ಮಾತು. ಕೌದಿಗೆ ಅವರು 'ಅತುಕುಲ ಬೊಂತ' ಅಂತಾರೆ, ತೇಪೆಗಳ ಹೊದಿಕೆ ಅಂತ. ಅತುಕು ಅಂದರೆ ತೇಪೆಯೂ ಹೌದು, ಜೋಡಣೆಯೂ ಹೌದು. ಕನ್ನಡದಲ್ಲಿ ತೇಪೆ ಅಂದರೆ ಬೈಗುಳದ ಹಾಗೆ ಕೇಳಿಸುತ್ತೆ. ಒಂದು ಪದ್ಯ ಬರೆಯಲು ಕೂತೆ, ಎರಡು ಭಾಷೆಯಲ್ಲೂ ಆಗಲಿಲ್ಲ.

ಮಗ ಸೊಸೆ ಯುಗಾದಿಗೆ ಬಂದು ನಾಲ್ಕು ದಿನ ಹೊಸ ಕೋಣೆಯಲ್ಲಿದ್ದು ಹೋದರು. ಉಳಿದ ದಿನ ಅಲ್ಲಿ ಶೇಂಗಾ ಚೀಲ ಇರುತ್ತದೆ. ಅವ್ವ ಪಡಸಾಲೆಯ ಪಡುವಣ ಮೂಲೆಯಲ್ಲೇ ಮಲಗುತ್ತಾಳೆ, ಬೇಡ ಅಂದರೂ ಕೇಳುವುದಿಲ್ಲ. ಮೊದಲ ಮಳೆ ಬಿದ್ದ ರಾತ್ರಿ ನಾನು ಎದ್ದು ಬ್ಯಾಟರಿ ಹಿಡಿದು ಹೊರಗೆ ಹೋದೆ. ಎರಡೂ ದೋಣಿಯಿಂದ ನೀರು ಧೋ ಅಂತ ಬೀಳುತ್ತಿತ್ತು. ಒಳಗಿನಿಂದ ಅವ್ವ, 'ಬೀಳ್ತಿದೆ ಮಲಕ್ಕೋ, ನನಗೂ ಕೇಳಿಸ್ತಿದೆ' ಅಂದಳು.

ಈಗಿರುವ ತೊಂದರೆ ಮಣ್ಣಿನದು. ನಾವು ಚೌಳು ತರುತ್ತಿದ್ದ ಕೆರೆ ಹಿಂದಿನ ಬಯಲಿಗೆ ಯಾರೋ ಬೇಲಿ ಹಾಕಿದ್ದಾರೆ. ಮೃಗಶಿರಾ ಮಳೆಗೆ ಮೊದಲು ಎರಡು ಗಾಡಿ ಬೇಕು. ಗಡಿಯಾಚೆ ಪರಶುರಾಂಪುರದ ಕಡೆ ಸಿಗುತ್ತೆ ಅಂದಿದ್ದಾರೆ, ಬರುವ ಸಂತೆ ದಿನ ಹೋಗಿ ನೋಡಿಬರಬೇಕು.